ಫೆಬ್ರವರಿ ಹತ್ತೊಂಬತ್ತರ ಕೊಡೆಗಳು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಯಾವುದು ಅಂದರೆ, ಒಂದು ಒದ್ದೆ ಹೆಬ್ಬೆರಳು.

ಕೊಡೆ ಕೊಳ್ಳುವವರು ಬಿಸಿಲಿದ್ದಾಗ ಬರುವುದಿಲ್ಲ. ಮಳೆ ಶುರುವಾಗಿ, ನೆನೆದು ತೊಪ್ಪೆಯಾದ ಮೇಲೆ ಅಂಗಡಿಗೆ ನುಗ್ಗುತ್ತಾರೆ. ಗಿರಾಕಿಯ ಕೈಯೂ ಒದ್ದೆ, ಕೌಂಟರಿನವನ ಕೈಯೂ ಒದ್ದೆ. ಬಿಲ್ಲು ಹರಿಯುವಾಗ ಹೆಬ್ಬೆರಳು ಕೂರುವುದು ಬಲಗಡೆಯ ಮೇಲಿನ ಮೂಲೆಯಲ್ಲಿ. ತಾರೀಖು ಬರೆದಿರುವುದೂ ಅಲ್ಲೇ. ಹೀಗಾಗಿ ಕೊಡೆ ಕಾರ್ಖಾನೆಯ ಹೆಡ್ಡಾಫೀಸಿಗೆ ಬರುವ ಬಿಲ್ಲಿನಲ್ಲಿ ಕೊಡೆಯ ಬಣ್ಣ ಇರುತ್ತಿತ್ತು, ಅಂಗಡಿಯ ನಂಬರು ಇರುತ್ತಿತ್ತು, ತಾರೀಖಿನ ಜಾಗದಲ್ಲಿ ಮಾತ್ರ ಒಂದು ನೀಲಿ ಮೋಡ ಇರುತ್ತಿತ್ತು.

ಆ ಬಿಲ್ಲುಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ ಪಟ್ಟಿರಾಯರದು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಇಪ್ಪತ್ತೆರಡು ವರ್ಷ ಪಟ್ಟಿ ಮಾಡಿ ಮಾಡಿ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕೆಲಸಕ್ಕೆ ಸೇರಿದ ಮೊದಲನೇ ವಾರ ಅವರು ಹಳೇ ಗುಮಾಸ್ತರನ್ನು ಕೇಳಿದ್ದರು, "ಸಾರ್, ತಾರೀಖೇ ಕಾಣದ ಬಿಲ್ಲಿಗೆ ಏನು ಹಾಕ್ಲಿ? ಖಾಲಿ ಬಿಟ್ರೆ ಕಂಪ್ಯೂಟರು ಮುಂದಕ್ಕೇ ಬಿಡಲ್ಲ." ನಿವೃತ್ತಿಗೆ ಮೂರು ದಿನ ಬಾಕಿಯಿದ್ದ ಗುಮಾಸ್ತರು ತಲೆ ಎತ್ತದೆ ಹೇಳಿದ್ದರು, "ಯಾವುದೋ ಒಂದು ಹಾಕಪ್ಪಾ. ನೆನಪಿರೋದು ಹಾಕು."

ಪಟ್ಟಿರಾಯರಿಗೆ ಆಗ ಹೊಸದಾಗಿ ಮದುವೆಯಾಗಿತ್ತು. ನೆನಪಿದ್ದ ತಾರೀಖು ಒಂದೇ. ಫೆಬ್ರವರಿ ಹತ್ತೊಂಬತ್ತು. ಹಾಕಿದರು. ಮಾರನೇ ದಿನವೂ ಹಾಕಿದರು. ಕ್ರಮೇಣ ಅದು ಬೆರಳಿಗೆ ಅಭ್ಯಾಸವಾಯಿತು, ತಲೆಗೆ ಮರೆತುಹೋಯಿತು. ಎಷ್ಟು ಮರೆತುಹೋಯಿತು ಅಂದರೆ, ಪ್ರತಿ ಫೆಬ್ರವರಿ ಹತ್ತೊಂಬತ್ತರಂದು ಮನೆಯಲ್ಲಿ ಹೆಂಡತಿ ಮುಖ ಊದಿಸಿಕೊಂಡು ಕೂತರೆ, "ಯಾಕೆ, ಹಲ್ಲುನೋವಾ?" ಅಂತ ಕೇಳುತ್ತಿದ್ದರು.

ಹೀಗೆ ನೆಮ್ಮದಿಯಾಗಿ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಡೇಟಾ ಕ್ಯೂಬ್ ಬಂದು ಸೇರಿತು.

ತಂದವರು ಕಾರ್ಖಾನೆಯ ಯಜಮಾನಿ. ಎಪ್ಪತ್ತು ದಾಟಿದ ಹೆಂಗಸು. ಕಾರ್ಖಾನೆಗೆಲ್ಲ ಅವರು ಅಮ್ಮಾವ್ರು. ಅವರು ಯಾವುದೋ ದೊಡ್ಡ ಸಭೆಗೆ ಹೋಗಿ ಬಂದವರೇ, ಪಾಠ ಹೇಳಿಕೊಡಲು ಒಬ್ಬ ಮೇಡಂ ಅವರನ್ನು ಎರಡು ದಿನದ ಮಟ್ಟಿಗೆ ಕರೆಸಿದರು. ಮೇಡಂ ಬಿಳಿ ಹಲಗೆಯ ಮೇಲೆ ಒಂದು ಚೌಕಟ್ಟಿನ ಪೆಟ್ಟಿಗೆ ಬರೆದು ಹೇಳಿದರು, "ಇದನ್ನ ಒಂದು ಸೋಪಿನ ಗಟ್ಟಿ ಅಂದ್ಕೊಳ್ಳಿ. ಈ ಕಡೆಯಿಂದ ನೋಡಿದ್ರೆ ಅಂಗಡಿ, ಈ ಕಡೆಯಿಂದ ಕೊಡೆಯ ಬಗೆ, ಮೇಲಿನಿಂದ ದಿನ. ಯಾವ ಕಡೆಯಿಂದ ಬೇಕಾದ್ರೂ ಕೊಯ್ದು ನೋಡಬಹುದು. ಮೂರನೇ ಅಂಗಡೀಲಿ ಜುಲೈನಲ್ಲಿ ಎಷ್ಟು ಕೆಂಪು ಕೊಡೆ ಹೋಯ್ತು? ಒಂದು ಒತ್ತು, ಉತ್ತರ ಬಂತು. ಇನ್ನೂ ಒಳಗೆ ಏನಿದೆ ನೋಡ್ಬೇಕಾ? ಇನ್ನೊಂದು ಒತ್ತು. ಅಗೀತಾ ಹೋಗಿ."

ಉಗ್ರಾಣ ನೋಡಿಕೊಳ್ಳುವವ, ಹಲ್ಲು ಅರ್ಧ ಉದುರಿದ ಮುದುಕ, ಎದ್ದು ನಿಂತು ಕೇಳಿದ. "ಪೆಟ್ಟಿಗೆ ಎಷ್ಟು ದೊಡ್ಡದು ತಾಯೀ? ನನ್ನ ಉಗ್ರಾಣದಲ್ಲಿ ಜಾಗ ಇಲ್ಲ."

ಅದು ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲ ಅಂತ ಅವನಿಗೆ ತಿಳಿಸಿ ಹೇಳುವುದರಲ್ಲೇ ಮೊದಲ ದಿನ ಮುಗಿಯಿತು. ಎರಡನೇ ದಿನದ ಕೊನೆಗೆ ಅಮ್ಮಾವ್ರು ಎದ್ದರು. "ಯಾರು ಇದನ್ನ ಕಲಿತು, ಮೂವತ್ತು ವರ್ಷದ ಬಿಲ್ಲುಗಳನ್ನೆಲ್ಲ ಇದರೊಳಗೆ ಹಾಕಿ, ನನಗೆ ಗೊತ್ತಿಲ್ಲದ ಒಂದು ಸಂಗತಿ ತೋರಿಸ್ತಾರೋ ಅವರೇ ವರದಿ ವಿಭಾಗದ ಮುಖ್ಯಸ್ಥರು. ಮೂಲೆಯ ರೂಮು ಅವರದ್ದು."

ಮೂಲೆಯ ರೂಮು! ಪಟ್ಟಿರಾಯರ ಮೇಜು ಇದ್ದದ್ದು ಕುಡಿಯುವ ನೀರಿನ ಡ್ರಮ್ಮಿನ ಪಕ್ಕ. ಇಪ್ಪತ್ತೆರಡು ವರ್ಷ ಊರಿನವರೆಲ್ಲ ನೀರು ಕುಡಿದು, ಲೋಟ ಕೊಡವಿ, ಅವರ ಪಟ್ಟಿಯ ಮೇಲೆ ನಾಲ್ಕು ಹನಿ ಬೀಳಿಸಿ, "ಏನ್ ಸಮಾಚಾರ ಪಟ್ಟಿರಾಯ್ರೇ?" ಅಂತ ಕೇಳಿ ಹೋಗಿದ್ದರು. ಆ ರೂಮಿಗಾಗಿ ಪಟ್ಟಿರಾಯರು ಎರಡು ತಿಂಗಳು ಊಟ ನಿದ್ದೆ ಅನ್ನಲಿಲ್ಲ. ಪುಸ್ತಕ ಓದಿದರು. ಮೇಡಂಗೆ ಫೋನು ಮಾಡಿ ಮಾಡಿ ಆಕೆ ನಂಬರು ಬದಲಾಯಿಸುವ ಹಾಗೆ ಮಾಡಿದರು. ಐವತ್ತರ ವಯಸ್ಸಿನಲ್ಲಿ, ಯಾರ ಸಹಾಯವೂ ಇಲ್ಲದೆ, ನಾಲ್ಕು ಲಕ್ಷ ಬಿಲ್ಲುಗಳನ್ನು ಒಂದು ಕ್ಯೂಬಿಗೆ ತುಂಬಿಸಿದರು. ಅಂಗಡಿ, ಬಗೆ, ದಿನ ಸಾಲದು ಅಂತ "ಬಿಲ್ಲು ಹತ್ತಿಸಿದವರು" ಅನ್ನುವ ನಾಲ್ಕನೆಯ ಮುಖವನ್ನೂ ಸೇರಿಸಿದರು. ಹೊಗಳುವ ಮಾತಲ್ಲ, ಅಂಥ ಕೆಲಸ ಆ ಕಟ್ಟಡದಲ್ಲಿ ಇನ್ನಾರಿಂದಲೂ ಆಗುತ್ತಿರಲಿಲ್ಲ.

ಸಭೆಯ ದಿನ ಬೆಳಗ್ಗೆ ಅವರ ಹೆಂಡತಿ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದರು. "ಕೆಳಗಿನ ಮನೆಯವರಿಗೆ ಹೇಳಿದೀನಿ, ಎದುರು ಮನೆಯವರಿಗೂ ಹೇಳಿದೀನಿ. ಮೇಲಿನ ಮನೆಯವರು ಊರಲ್ಲಿಲ್ಲ, ಅವರಿಗೆ ಫೋನ್ ಮಾಡಿದೀನಿ."

"ಇನ್ನೂ ಸಿಕ್ಕಿಲ್ವಲ್ಲೇ! ಈಗ್ಲೇ ಯಾಕೆ ಟಾಂ ಟಾಂ?"

"ಸಿಗದೆ ಎಲ್ಲಿಗೆ ಹೋಗುತ್ತೆ? ನಿಮ್ಮಷ್ಟು ಬುದ್ಧಿ ಅಲ್ಲಿ ಯಾರಿಗಿದೆ? ಮದುವೆ ದಿನ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನೆನಪಿರುತ್ತೆ ನಿಮಗೆ."

ಪಟ್ಟಿರಾಯರು ಮೆಟ್ಟಿಲು ಇಳಿಯುವಾಗ ಎರಡು ಬಾಗಿಲು ತೆರೆದವು. "ಏನ್ ಮುಖ್ಯಸ್ಥರೇ!" ಅಂತ ಎರಡು ಕಡೆಯಿಂದಲೂ ಕೂಗು ಬಂತು. ಅವರು ಬೇಡ ಬೇಡ ಅನ್ನುತ್ತಲೇ ಎದೆ ಸೆಟೆಸಿ ನಡೆದರು. ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು.

ಆಫೀಸಿಗೆ ಬಂದು ಕಂಪ್ಯೂಟರ್ ತೆರೆದು, ಕೊನೆಯ ಸಲ ಒಂದು ನಕ್ಷೆ ತೆಗೆದು ನೋಡೋಣ ಅಂತ "ದಿನ" ಅನ್ನುವುದನ್ನು ಒತ್ತಿದರು. ಮೂವತ್ತು ವರ್ಷದ ಮಾರಾಟವೆಲ್ಲ ವರ್ಷದ ಮುನ್ನೂರ ಅರವತ್ತಾರು ದಿನಗಳಿಗೆ ಹಂಚಿಕೊಂಡು ಪರದೆಯ ಮೇಲೆ ನಿಂತಿತು. ಮಳೆಗಾಲದಲ್ಲಿ ದಿನ್ನೆ ದಿನ್ನೆ. ಬೇಸಿಗೆಯಲ್ಲಿ ಬಯಲು. ಆ ಬಯಲಿನ ನಡುವೆ ಒಂದೇ ಒಂದು ಗೆರೆ, ಕೊಡೆಯ ಕಡ್ಡಿಯ ಹಾಗೆ, ನೆಟ್ಟಗೆ ಮೇಲಕ್ಕೆ ಹೋಗಿ ಪರದೆಯ ನೆತ್ತಿಗೆ ತಾಗಿತ್ತು.

ಪಟ್ಟಿರಾಯರು ಅದನ್ನು ಸರಿಯಾಗಿ ನೋಡುವಷ್ಟರಲ್ಲಿ ನೀರು ಕುಡಿಯಲು ಬಂದಿದ್ದ ಮಾರಾಟದ ಮ್ಯಾನೇಜರು ನೋಡಿಬಿಟ್ಟರು.

"ಏನ್ರೀ ಇದು! ಹನ್ನೊಂದು ಸಾವಿರದ ಮುನ್ನೂರ ನಲವತ್ತು ಕೊಡೆ! ಒಂದೇ ದಿನಕ್ಕೆ! ಯಾವ ದಿನ ಅದು?"

"ಫೆಬ್ರವರಿ ಹತ್ತೊಂಬತ್ತು," ಅಂತ ಪಟ್ಟಿರಾಯರು ಓದಿದರು. ಓದಿದ್ದು ಬಾಯಿ, ಅರ್ಥವಾದದ್ದು ಬೆರಳುಗಳಿಗೆ. ಹತ್ತೂ ಬೆರಳು ತಣ್ಣಗಾದವು.

"ಮಳೆಯ ಸುಳಿವೇ ಇಲ್ಲದ ಕಾಲ!" ಮ್ಯಾನೇಜರು ಲೋಟವನ್ನು ಪಟ್ಟಿಯ ಮೇಲೇ ಇಟ್ಟರು. "ಅಂಥ ದಿನ ಕೊಡೆ ಮಾರೋದು ಅಂದ್ರೆ ಸುಮ್ಮನೇನಾ? ನಾನು ಪ್ರತಿ ವರ್ಷ ಫೆಬ್ರವರಿ ನಡುವಲ್ಲಿ ಅಂಗಡಿಯವರಿಗೆಲ್ಲ ಫೋನ್ ಮಾಡಿ ಹುರಿದುಂಬಿಸ್ತೀನಲ್ಲಾ, ಅದರ ಫಲ!"

"ಸ್ವಲ್ಪ ನಿಲ್ಲಿ ಸಾರ್, ಇದು ಹಾಗಲ್ಲ..."

ಅಷ್ಟರಲ್ಲಿ ಕೊಡೆಗೆ ಬಣ್ಣ ಬರೆಯುವ ಡಿಸೈನರ್ ಅಕ್ಕ ಬಂದರು. ನೋಡಿದರು. ಕೈ ಕೆನ್ನೆಗೆ ಹೋಯಿತು. "ಅಯ್ಯೋ, ನನಗೆ ಗೊತ್ತಿತ್ತು! ಹೂವಿನ ಕೊಡೆ ನಾವು ಅಂಗಡಿಗೆ ಕಳಿಸೋದು ಫೆಬ್ರವರಿ ಎರಡನೇ ವಾರ. ಜನ ಮಳೆಗೆ ಕೊಂಡ್ಕೊಳ್ತಾರೆ ಅಂದ್ಕೊಂಡ್ರಾ? ಚೆಂದಕ್ಕೆ ಕೊಂಡ್ಕೊಳ್ತಾರೆ."

"ಚೆಂದವೂ ಇಲ್ಲ, ಗಿಂದವೂ ಇಲ್ಲ," ಅಂದ ಉಗ್ರಾಣದ ಮುದುಕ, ಇಬ್ಬರ ನಡುವೆ ತಲೆ ತೂರಿಸಿ. "ಫೆಬ್ರವರಿಯಲ್ಲಿ ನಾನು ಸರಕು ತಡ ಮಾಡದೆ ಕಳಿಸ್ತೀನಿ. ಸರಕು ಇದ್ರೆ ತಾನೇ ಮಾರೋದು?"

ಹತ್ತು ನಿಮಿಷದಲ್ಲಿ ನೀರಿನ ಡ್ರಮ್ಮಿನ ಸುತ್ತ ಅರ್ಧ ಆಫೀಸು ಸೇರಿತು. ಲೋಕದಲ್ಲಿ ತಪ್ಪಿಗೆ ಯಜಮಾನ ಸಿಗುವುದಿಲ್ಲ, ಗೆಲುವಿಗೆ ಮಾತ್ರ ಸಾಲುಗಟ್ಟಿ ನಿಲ್ಲುತ್ತಾರೆ. ಲಾರಿ ಓಡಿಸುವವನೂ ಬಂದು, ಆ ವಾರ ತಾನು ಒಂದೇ ಒಂದು ಟಯರು ಪಂಕ್ಚರು ಮಾಡಿಕೊಂಡಿರಲಿಲ್ಲ ಅಂತ ಸಾಕ್ಷಿ ಹೇಳಿದ.

ಪಟ್ಟಿರಾಯರು ಬೆವರು ಒರೆಸಿಕೊಂಡರು. ಈ ಗೆರೆಯನ್ನು ಹೇಗಾದರೂ ಅಡಗಿಸಬೇಕು. ಮೊದಲು ಅಂಗಡಿ ಅಂಗಡಿಯಾಗಿ ಕೊಯ್ದರೆ ಗೆರೆ ಚೂರು ಚೂರಾಗಿ ಸಣ್ಣದಾಗುತ್ತದೆ ಅಂದುಕೊಂಡು ಕೊಯ್ದರು. ಇಪ್ಪತ್ತಾರು ಅಂಗಡಿ, ಇಪ್ಪತ್ತಾರು ನಕ್ಷೆ, ಇಪ್ಪತ್ತಾರರಲ್ಲೂ ಫೆಬ್ರವರಿ ಹತ್ತೊಂಬತ್ತು ನೆಟ್ಟಗೆ ನಿಂತಿತ್ತು.

"ಎಲ್ಲಾ ಅಂಗಡೀಲೂ!" ಮ್ಯಾನೇಜರು ಚಪ್ಪಾಳೆ ತಟ್ಟಿದರು.

ಬಣ್ಣದ ಕಡೆಯಿಂದ ಕೊಯ್ದರು. ಕಪ್ಪು, ಕೆಂಪು, ಹೂವಿನದು, ಮಕ್ಕಳ ಕೊಡೆ, ಎಲ್ಲದರಲ್ಲೂ ಅದೇ ದಿನ.

"ನೋಡಿದ್ರಾ, ಮಕ್ಕಳೂ ಕೂಡ!" ಅಂತ ಡಿಸೈನರ್ ಅಕ್ಕನ ಕಣ್ಣಲ್ಲಿ ನೀರು ತುಂಬಿತು.

ಮೂರು ಗಂಟೆಗೆ ಸಭೆ. ಅಲ್ಲಿಯವರೆಗೂ ಕಾಯುವ ಗೋಜಿಗೆ ಹೋಗದೆ ಮ್ಯಾನೇಜರು ಮೇಲೆ ಹೋಗಿ ಅಮ್ಮಾವ್ರ ಕಿವಿಗೆ ಸುದ್ದಿ ಹಾಕಿಯೂ ಆಗಿತ್ತು. ಪಟ್ಟಿರಾಯರಿಗೆ ಊಟದ ಡಬ್ಬಿ ತೆಗೆಯಲೂ ಮನಸ್ಸಾಗಲಿಲ್ಲ. ಸುಮ್ಮನಿದ್ದುಬಿಟ್ಟರೆ ಏನಾಗುತ್ತೆ? ರೂಮು ಸಿಗುತ್ತೆ. ಅಮ್ಮಾವ್ರು ಕೇಳಿದ್ದು ಗೊತ್ತಿಲ್ಲದ ಒಂದು ಸಂಗತಿ. ಇದು ಯಾರಿಗೂ ಗೊತ್ತಿಲ್ಲದ ಸಂಗತಿಯೇ ತಾನೇ? ಯಾಕೆ ಗೊತ್ತಿಲ್ಲ ಅಂದರೆ ಅದು ನಡೆದೇ ಇಲ್ಲ. ಹೀಗೆ ತಮಗೆ ತಾವೇ ವಕೀಲಿ ಮಾಡಿಕೊಳ್ಳುತ್ತಾ ಅವರು ಮೂರು ಗಂಟೆಗೆ ಮೂಲೆಯ ರೂಮಿಗೆ ಹೋದರು. ಸಭೆ ಅಲ್ಲೇ ಇತ್ತು. ಗೋಡೆಯ ಮೇಲೆ ದೊಡ್ಡ ಪರದೆ, ಎದುರಿಗೆ ಅಮ್ಮಾವ್ರು, ಸುತ್ತ ಇಡೀ ಆಫೀಸು.

ಅಮ್ಮಾವ್ರು ಕನ್ನಡಕ ಏರಿಸಿ ಆ ಗೆರೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಮುಖ ಅರಳಿತು. "ಮೂವತ್ತು ವರ್ಷ ಈ ಕಾರ್ಖಾನೆ ನಡೆಸಿದೀನಿ. ಬಿಸಿಲುಕಾಲದಲ್ಲಿ ಕೊಡೆ ಹೋಗಲ್ಲ ಅಂತ ಕೈ ಕಟ್ಟಿ ಕೂತಿದ್ವಿ. ಎಂಥಾ ಪೆದ್ದರು ನಾವು! ಈ ಸಲ ಫೆಬ್ರವರಿ ಹತ್ತೊಂಬತ್ತಕ್ಕೆ ಐವತ್ತು ಸಾವಿರ ಕೊಡೆ ಅಂಗಡೀಲಿ ಇರ್ಬೇಕು. ಎರಡು ಪಾಳಿ ಕೆಲಸ. ಬಟ್ಟೆ ಸಾಲದಿದ್ರೆ ಮಳೆಗಾಲದ ಸರಕು ನಿಲ್ಸಿ."

ಐವತ್ತು ಸಾವಿರ! ಹೊಲಿಗೆ ಮೆಷಿನ್ನಿನ ಹೆಂಗಸರು ಎರಡು ಪಾಳಿ ಹೊಲಿದು, ಫೆಬ್ರವರಿ ಹತ್ತೊಂಬತ್ತರ ಬಿಸಿಲಿನಲ್ಲಿ ಐವತ್ತು ಸಾವಿರ ಕೊಡೆ ಮುಚ್ಚಿಕೊಂಡೇ ನಿಂತಿರುವುದು ಪಟ್ಟಿರಾಯರ ಕಣ್ಣಿಗೆ ಕಟ್ಟಿತು. ಮಳೆಗಾಲಕ್ಕೆ ಅಂಗಡಿಗಳು ಖಾಲಿ. ಆಮೇಲೆ ಕಾರ್ಖಾನೆಯೇ ಖಾಲಿ.

"ಇದಕ್ಕೆ ಕಾರಣ ಯಾರು?" ಅಂತ ಅಮ್ಮಾವ್ರು ಕೇಳಿದರು.

"ನಾನೇ ಅಂತ ಹೇಳ್ಕೋಬಾರದು..." ಅಂತ ಮ್ಯಾನೇಜರು ಎದ್ದರು. ಡಿಸೈನರ್ ಅಕ್ಕ ಅವರಿಗಿಂತ ಮೊದಲೇ ಎದ್ದಿದ್ದರು. ಮುದುಕ ಕೂತಲ್ಲಿಂದಲೇ ಕೈ ಎತ್ತಿದ್ದ.

"ನಾನು ಅಮ್ಮಾ!" ಅಂತ ಪಟ್ಟಿರಾಯರು ಕೂಗಿಬಿಟ್ಟರು. "ನಾನೇ ಕಾರಣ. ಆ ಹನ್ನೊಂದು ಸಾವಿರದ ಮುನ್ನೂರ ನಲವತ್ತು ಕೊಡೆಗೂ ನಾನೊಬ್ಬನೇ ಕಾರಣ!"

ರೂಮಿನ ತುಂಬ ನಗು.

"ನೋಡಪ್ಪಾ, ಇವರಿಗೂ ಪಾಲು ಬೇಕಂತೆ," ಅಂದರು ಮ್ಯಾನೇಜರು.

"ಪಟ್ಟಿರಾಯ್ರೇ, ನೀವು ಒಂದು ಕೊಡೆಯಾದ್ರೂ ಮಾರಿದೀರಾ ಜನ್ಮದಲ್ಲಿ?" ಅಂತ ಡಿಸೈನರ್ ಅಕ್ಕ.

ಮುದುಕ ಪಕ್ಕದವನ ಕಿವಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಹೇಳಿದ. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇನ್ನೂ ರೂಮೇ ಸಿಕ್ಕಿಲ್ಲ, ಆಗ್ಲೇ ನೋಡು."

"ಅಯ್ಯೋ, ಮಾರಿದ್ದಲ್ಲ! ಯಾರೂ ಮಾರಿಲ್ಲ! ತಾರೀಖು ಅಳಿಸಿಹೋದ ಬಿಲ್ಲಿಗೆಲ್ಲ ನಾನು ಆ ತಾರೀಖು ಹಾಕಿದೀನಿ. ಇಪ್ಪತ್ತೆರಡು ವರ್ಷದಿಂದ. ಅವೆಲ್ಲ ಮಳೇಲಿ ಮಾರಿದ ಕೊಡೆಗಳೇ!"

ಅಮ್ಮಾವ್ರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ, ಬೇರೆ ತಾರೀಖೇ ಸಿಗ್ಲಿಲ್ವಾ ನಿಮಗೆ?"

"ಅದು... ನನ್ನ ಮದುವೆ ದಿನ ಅಮ್ಮಾ."

ಈಗ ನಗು ಜೋರಾಯಿತು. "ಮದುವೆ ದಿನ ಇವರಿಗೆ ನೆನಪಿದ್ಯಂತೆ!" ಅಂದರು ಮ್ಯಾನೇಜರು. "ಅಮ್ಮಾ, ಹೋದ ವರ್ಷ ಇವರ ಮನೆಯವರು ಆಫೀಸಿಗೇ ಫೋನ್ ಮಾಡಿ, ಇವತ್ತು ಯಾವ ದಿನ ಅಂತ ನಿಮ್ಮ ಪಟ್ಟಿರಾಯರನ್ನ ಕೇಳಿ ಅಂದಿದ್ರು. ಇವರು ಶುಕ್ರವಾರ ಅಂದ್ರು!"

ಸತ್ಯಕ್ಕೆ ಸಾಕ್ಷಿ ಬೇಕಾಗುವ ಕಾಲ ಬಂದಿತ್ತು. ಪಟ್ಟಿರಾಯರು ಫೋನು ತೆಗೆದು, ಮನೆಯ ನಂಬರು ಒತ್ತಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಏನಾಯ್ತು ರೀ, ಸಿಕ್ತಾ?" ಅಂತ ಹೆಂಡತಿಯ ದನಿ ರೂಮು ತುಂಬಿತು. ಹಿಂದೆ ಇನ್ನೂ ಎರಡು ಮೂರು ಹೆಂಗಸರ ದನಿ. ಸುದ್ದಿ ಕೇಳಲು ನೆರೆಹೊರೆಯೆಲ್ಲ ಸೇರಿದಂತಿತ್ತು.

"ಒಂದು ನಿಮಿಷ ಕೇಳು. ನಮ್ಮ ಮದುವೆ ಯಾವ ತಾರೀಖು? ಸ್ವಲ್ಪ ಹೇಳೇ."

"ಇಪ್ಪತ್ತೆರಡು ವರ್ಷ ಆದ್ಮೇಲೆ, ಇವತ್ತು, ಕೆಲಸದ ನಡುವೆ ಫೋನ್ ಮಾಡಿ ಕೇಳ್ತಿದೀರಾ? ನಾನು ಹೇಳಲ್ಲ. ಗೊತ್ತಿದ್ರೆ ನೀವೇ ಹೇಳಿ."

"ಫೆಬ್ರವರಿ ಹತ್ತೊಂಬತ್ತು!"

ಆ ಕಡೆಯ ದನಿ ಒದ್ದೆಯಾಯಿತು. "ನೆನಪಿದ್ಯಾ ರೀ ನಿಮಗೆ? ಕೇಳಿದ್ರೇನ್ರೇ, ನಮ್ಮನೆಯವರಿಗೆ ನೆನಪಿದೆ! ಫೆಬ್ರವರಿ ಹತ್ತೊಂಬತ್ತೇ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ..."

ರೂಮಿನಲ್ಲಿ ನಗು ನಿಂತುಹೋಯಿತು. ಪಟ್ಟಿರಾಯರು ಆ ಗಳಿಗೆಯಲ್ಲಿ ಒಂದು ಕೈಯಿಂದ ಮೌಸು ಹಿಡಿದರು. ತಾವು ಹತ್ತಿಸಿದ ಫೆಬ್ರವರಿ ಹತ್ತೊಂಬತ್ತರ ಬಿಲ್ಲುಗಳನ್ನೆಲ್ಲ ಕ್ಯೂಬಿನಿಂದ ಬೇರೆ ಮಾಡಿದರು. ಪರದೆಯ ಮೇಲಿನ ಗೆರೆ ಸರ್ರನೆ ಇಳಿದು ಮಾಯವಾಯಿತು. ಅದರ ಜೊತೆಗೆ ಮ್ಯಾನೇಜರ ಫೋನುಗಳು, ಅಕ್ಕನ ಹೂವಿನ ಕೊಡೆ, ಮುದುಕನ ಸರಕು, ಲಾರಿಯ ಪಂಕ್ಚರಾಗದ ಟಯರು, ಎಲ್ಲವೂ ಇಳಿದುಹೋದವು. ಒಬ್ಬೊಬ್ಬರಾಗಿ ಕೂತರು.

ಅಮ್ಮಾವ್ರು ಎದ್ದು ಬಂದು ಪಟ್ಟಿರಾಯರ ಮುಂದೆ ನಿಂತರು. "ತಪ್ಪು ಮಾಡಿದ್ದು ನೀವು. ಆದ್ರೆ ಐವತ್ತು ಸಾವಿರ ಕೊಡೆ ಉಳಿಸಿದ್ದೂ ನೀವೇ. ಇಷ್ಟು ಜನರ ಮಧ್ಯೆ ನನ್ನ ತಪ್ಪು ಅಂತ ಹೇಳೋಕೆ ಎದೆ ಬೇಕು. ಇವರೆಲ್ಲ ಇಲ್ಲದ್ದನ್ನ ನಂದು ಅಂದ್ರು, ನೀವು ಇದ್ದದ್ದನ್ನ ನಂದು ಅಂದ್ರಿ. ವರದಿ ವಿಭಾಗದ ಮುಖ್ಯಸ್ಥರು ನೀವೇ."

ಚಪ್ಪಾಳೆ ಬಿತ್ತು. ಮೇಜಿನ ಮೇಲಿನ ಫೋನಿನಿಂದಲೂ ಚಪ್ಪಾಳೆ ಕೇಳಿತು. ಪಟ್ಟಿರಾಯರ ಕಣ್ಣು ಮಂಜಾಯಿತು. ಐವತ್ತು ವರ್ಷದಲ್ಲಿ ಅವರಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮದುವೆಯ ದಿನವೂ ತಟ್ಟಿರಲಿಲ್ಲ.

"ನಾನು ಈ ಕಾರ್ಖಾನೆ ಶುರು ಮಾಡಿದಾಗ," ಅಂತ ಅಮ್ಮಾವ್ರು ಎಲ್ಲರ ಕಡೆ ತಿರುಗಿ ಹೇಳಿದರು, "ಗುಮಾಸ್ತರೂ ಇರ್ಲಿಲ್ಲ, ಮ್ಯಾನೇಜರೂ ಇರ್ಲಿಲ್ಲ. ಮೊದಲ ಮೂರು ವರ್ಷ ಬಿಲ್ಲುಗಳನ್ನೆಲ್ಲ ನನ್ನ ಕೈಯಾರೆ ಹತ್ತಿಸಿದೀನಿ. ಒಂದೇ ಒಂದು ತಾರೀಖು ಹೆಚ್ಚುಕಮ್ಮಿ ಆಗಿಲ್ಲ. ಕಲೀರಿ." ಹೀಗಂದವರೇ ಪರದೆಯ ಕಡೆ ನೋಡಿ ಹುಬ್ಬು ಗಂಟು ಹಾಕಿದರು. "ಅದೇನ್ರೀ ಅದು?"

ದೊಡ್ಡ ಗೆರೆ ಹೋದ ಮೇಲೆ ನಕ್ಷೆ ತನಗೆ ತಾನೇ ಹಿಗ್ಗಿಕೊಂಡಿತ್ತು. ಅಷ್ಟು ಹೊತ್ತು ಯಾರ ಕಣ್ಣಿಗೂ ಬೀಳದ ಇನ್ನೊಂದು ಗೆರೆ, ಸುತ್ತಲಿನ ಬಯಲಿನಲ್ಲಿ ಮುಳ್ಳಿನ ಹಾಗೆ, ಈಗ ಎದ್ದು ನಿಂತಿತ್ತು. ಏಪ್ರಿಲ್ ಏಳು. ಒಂಬೈನೂರ ಹನ್ನೆರಡು ಕೊಡೆ. ಹಿಂದಿನ ದಿನ ನಲವತ್ತು, ಮುಂದಿನ ದಿನ ಮೂವತ್ತೆಂಟು.

"ಇನ್ನೊಬ್ಬ ಇದಾನೆ!" ಅಮ್ಮಾವ್ರ ದನಿ ಏರಿತು. "ಯಾರದ್ರೀ ಇದು? ಅಗೀರಿ! ಇವರ ಹಾಗೆ ತಾನೇ ಎದ್ದು ಹೇಳೋ ಯೋಗ್ಯತೆ ಇಲ್ಲ ಅಂದ್ಮೇಲೆ, ಅವನು ಯಾರೇ ಆಗಿರ್ಲಿ, ಈ ಆಫೀಸಿನಲ್ಲಿ ಅವನ ಮುಖ ಎಲ್ಲರೂ ನೋಡ್ಬೇಕು. ಮುಖ್ಯಸ್ಥರೇ, ನಿಮ್ಮ ಮೊದಲನೇ ಕೆಲಸ. ಅಗೀರಿ."

ಮುಖ್ಯಸ್ಥರು ಅಗೆದರು. ಏಪ್ರಿಲ್ ಏಳು, ಒತ್ತು. ಬಿಲ್ಲು ಹತ್ತಿಸಿದವರು, ಒತ್ತು. ಪರದೆಯ ಮೇಲೆ ಒಂದೇ ಒಂದು ಅಂಕಿ ಬಂತು. ಸೊನ್ನೆ ಒಂದು.

ಆ ಅಂಕಿ ಯಾರದು ಅಂತ ರೂಮಿನಲ್ಲಿ ಗೊತ್ತಿದ್ದದ್ದು ಪಟ್ಟಿರಾಯರಿಗೆ ಮಾತ್ರ. ಯಾರಿಗೆ ಯಾವ ಅಂಕಿ ಅನ್ನುವ ಪಟ್ಟಿ ಮಾಡಿದವರೇ ಅವರು. ಹದಿನಾಲ್ಕು ಅಂದರೆ ಪಟ್ಟಿರಾಯರು. ಸೊನ್ನೆ ಒಂದು ಅಂದರೆ ಈ ಕಾರ್ಖಾನೆಯಲ್ಲಿ ಬಿಲ್ಲು ಹತ್ತಿಸಲು ಮೊಟ್ಟಮೊದಲು ಕೂತವರು. ಅಂದರೆ ಅಮ್ಮಾವ್ರು.

"ಯಾರು?" ಅಂದರು ಅಮ್ಮಾವ್ರು. ಅಂದವರು ಅಷ್ಟಕ್ಕೇ ನಿಂತರು. ಅವರ ಕಣ್ಣು ಏಪ್ರಿಲ್ ಏಳು ಅನ್ನುವ ಅಕ್ಷರಗಳ ಮೇಲೆ ಹೋಗಿ ಅಲ್ಲೇ ಉಳಿಯಿತು. ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಕುರ್ಚಿಯ ಕೈ ಹಿಡಿದುಕೊಂಡು ಕೂತರು. ಮೂವತ್ತು ವರ್ಷದ ಹಿಂದೆ ಒದ್ದೆ ಬಿಲ್ಲುಗಳ ರಾಶಿಯ ಮುಂದೆ ಒಬ್ಬರೇ ಕೂತಿದ್ದದ್ದು ಅವರಿಗೂ ನೆನಪಾಗಿರಬೇಕು.

ಪಟ್ಟಿರಾಯರು ಅವರನ್ನು ನೋಡಿದರು. ಕಟ್ಟಿ ಬೆಳೆಸಿದ ಕಾರ್ಖಾನೆಯ ನಡುವೆ, ಕೆಲಸದವರೆಲ್ಲರ ಎದುರಿಗೆ, ಈಗ ತಾನೇ "ಒಂದೇ ಒಂದು ತಾರೀಖು" ಅಂತ ತಲೆಯೆತ್ತಿ ಹೇಳಿದ ಮುದುಕಿ. ನಿಜ ಹೇಳಿದರೆ ರೂಮು ಹೋಯಿತು. ಹೇಳದೆ ನಿಂತರೂ ಹೋಯಿತು. ಹೋಗುವುದಾದರೆ ಇನ್ನೊಬ್ಬರ ಮಾನ ಉಳಿಸಿಯಾದರೂ ಹೋಗೋಣ ಅಂತ ಅವರಿಗೆ ಅನ್ನಿಸಿತು. ಆ ಕ್ಷಣದಲ್ಲಿ ಅವರಿಗೆ ತಮ್ಮ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬೆಳಗಿನ ಹೆಮ್ಮೆ ಅದರ ಮುಂದೆ ಏನೂ ಅಲ್ಲ.

"ಅದೂ ನಂದೇ ಅಮ್ಮಾ," ಅಂದರು.

ನಿಜ ಹೇಳಿದಾಗ ಒಬ್ಬರೂ ನಂಬಿರಲಿಲ್ಲ. ಈ ಸುಳ್ಳನ್ನು ಎಲ್ಲರೂ ತಕ್ಷಣ ನಂಬಿದರು.

"ನನಗೆ ಆಗ್ಲೇ ಅನುಮಾನ ಇತ್ತು!" ಅಂದರು ಮ್ಯಾನೇಜರು. "ಒಂದು ಒಪ್ಕೊಂಡು ಇನ್ನೊಂದು ಮುಚ್ಚಿಡೋದು! ಎಂಥಾ ಚಾಲಾಕಿ ನೋಡಿ." ಆ ಬಿಲ್ಲುಗಳ ಕಾಲಕ್ಕೆ ಪಟ್ಟಿರಾಯರು ಕೆಲಸಕ್ಕೇ ಸೇರಿರಲಿಲ್ಲ. ಅದನ್ನು ಒತ್ತಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಅಮ್ಮಾವ್ರು ತಲೆ ಎತ್ತಿದರು. ದನಿ ಬಹಳ ಮೆತ್ತಗಿತ್ತು. "ನಿಮ್ಮದೇನಾ? ಸರಿಯಾಗಿ ಯೋಚನೆ ಮಾಡಿ ಹೇಳಿ. ಏಪ್ರಿಲ್ ಏಳು ನಿಮಗೆ ಏನು ವಿಶೇಷ?"

ಇದನ್ನು ಪಟ್ಟಿರಾಯರು ಯೋಚಿಸಿರಲಿಲ್ಲ. ಮದುವೆ ಆಗಲೇ ಫೆಬ್ರವರಿಗೆ ಹೋಗಿತ್ತು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಬಾಯಿಗೆ ಮೊದಲು ಸಿಕ್ಕಿದ್ದನ್ನು, ನಂಬುವ ಹಾಗಿರಲಿ ಅಂತ ಒಂದಿಷ್ಟು ಪ್ರೀತಿ ಬೆರೆಸಿ, ಹೇಳಿಬಿಟ್ಟರು.

"ಅದು... ನನ್ನ ಮಗಳು ಹುಟ್ಟಿದ ದಿನ ಅಮ್ಮಾ."

"ಪಾಪ," ಅಂತ ಡಿಸೈನರ್ ಅಕ್ಕ ಅಂದರು.

ಮೇಜಿನ ಮೇಲೆ ಫೋನು ಇನ್ನೂ ಚಾಲೂ ಇತ್ತು. ಅದನ್ನು ಆರಿಸಬೇಕು ಅಂತ ಆ ಗಲಾಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದರೊಳಗಿಂದ ಹೆಂಡತಿಯ ದನಿ, ಒಂದೊಂದೇ ಮಾತಾಗಿ, ಬಂತು.

"ರೀ. ನಮಗೆ ಇರೋ ಇಬ್ಬರೂ ಗಂಡುಮಕ್ಕಳೇ. ಈ ಮಗಳು ಯಾರು?"

ನೆರೆಮನೆಯವರೂ ಫೋನಿನ ಹತ್ತಿರಕ್ಕೆ ಜರುಗಿದ ಸದ್ದು ಕೇಳಿತು. ಪಟ್ಟಿರಾಯರು ಅಮ್ಮಾವ್ರ ಕಡೆ ನೋಡಿದರು. ಮುಳುಗುವವನು ದಡ ನೋಡುವ ಹಾಗೆ ನೋಡಿದರು. ಇನ್ನು ಉಳಿಸಬಲ್ಲವರು ಅವರೊಬ್ಬರೇ. ಒಂದೇ ಒಂದು ಮಾತು ಸಾಕು.

ಅಮ್ಮಾವ್ರಿಗೂ ಅದು ಗೊತ್ತಿತ್ತು. ಅವರು ಒಮ್ಮೆ ಪರದೆಯ ಮೇಲಿನ ಸೊನ್ನೆ ಒಂದನ್ನು ನೋಡಿದರು, ಒಮ್ಮೆ ಕೆಲಸದವರನ್ನೆಲ್ಲ ನೋಡಿದರು. ಕನ್ನಡಕ ತೆಗೆದು, ಮಡಿಸಿ, ಡಬ್ಬಿಗೆ ಹಾಕಿ ಎದ್ದರು.

"ಮುಖ್ಯಸ್ಥರ ವಿಚಾರ ಮುಂದಿನ ವರ್ಷ ನೋಡೋಣ," ಅಂದರು. "ಉಳಿದದ್ದು ಅವರ ಸಂಸಾರದ ವಿಷಯ. ಗಂಡ ಹೆಂಡತಿ ನಡುವೆ ನಾವು ಬರಬಾರದು. ನಡೀರಿ ಎಲ್ಲರೂ."

ಎಲ್ಲರೂ ಹೋದರು. ಹೋಗುವಾಗ ಮುದುಕ ಪಟ್ಟಿರಾಯರ ಹೆಗಲು ತಟ್ಟಿ, "ಮಗಳಿಗೆ ಎಷ್ಟು ವಯಸ್ಸು?" ಅಂತ ಗುಟ್ಟಾಗಿ ಕೇಳಿದ. ಫೋನಿನಲ್ಲಿ ಹೆಂಡತಿ ಇನ್ನೂ ಕಾಯುತ್ತಿದ್ದರು.